ಫ್ಲೆಕ್ಸಿನಲ್ಲಿ ನಕ್ಕ ದಾನಮ್ಮ

ಜರಗನಹಳ್ಳಿ ಬಸ್ ಸ್ಟಾಪಿನಲ್ಲಿ ಇಳಿದ ದಾನಮ್ಮ ತಲೆ ಎತ್ತಿದವಳು ಹೆಜ್ಜೆ ಕಿತ್ತಿಡಲಾಗದೆ ನಿಂತುಬಿಟ್ಟಳು. ಎದುರಿನ ಲೈಟು ಕಂಬದಲ್ಲಿ ಅವಳೇ ನಗುತ್ತಿದ್ದಳು. ಆಳುದ್ದದ ಫ್ಲೆಕ್ಸು! ಕಾರ್ಪೊರೇಷನ್ನಿನವರು ಬೇಡ ಬೇಡ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಈ ಊರಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ತಿಥಿಗೂ ಫ್ಲೆಕ್ಸು. ಈಗ ಓದುಬರಹಕ್ಕೂ ಒಂದು. ಮೇಲುಗಡೆ ವಿಶ್ವವಿದ್ಯಾಲಯದ ಹೆಸರು, ದೊಡ್ಡವರ ನಾಲ್ಕಾರು ಮುಖ. ಕೆಳಗೆ ಕೆಂಪಕ್ಷರದಲ್ಲಿ 'ಸಮುದಾಯ ಶಿಕ್ಷಣದ ಯಶಸ್ಸಿನ ಕಥೆ: ಜರಗನಹಳ್ಳಿ ಕೇಂದ್ರ'. ನಟ್ಟನಡುವೆ ದಾನಮ್ಮ, ಹಲ್ಲೆಲ್ಲ ಕಾಣುವಂತೆ, ಕಣ್ಣು ಮುಚ್ಚಿಹೋಗುವಂತೆ ನಗುತ್ತಿದ್ದಾಳೆ.

ಬೇರೆ ಯಾರಾದರೂ ಆಗಿದ್ದರೆ ಅದರ ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ದಾನಮ್ಮ ಸೆರಗನ್ನು ಮುಖದ ತನಕ ಎಳೆದುಕೊಂಡು, ಯಾರೋ ಬೆನ್ನ ಹಿಂದೆಯೇ ಇದ್ದಾರೆ ಎಂಬಂತೆ ಗಲ್ಲಿಯೊಳಗೆ ನುಗ್ಗಿದಳು. ಜೆ.ಪಿ. ನಗರದ ಆಫೀಸಿನಲ್ಲಿ ಬೆಳಗಿನಿಂದ ನೆಲ ಒರೆಸಿ ಬಂದ ದಣಿವು ಎಲ್ಲಿ ಹೋಯಿತೋ, ಕಾಲು ತಾವಾಗಿಯೇ ಓಡುತ್ತಿದ್ದವು. ಈ ಮುಖ ಒಬ್ಬನ ಕಣ್ಣಿಗೆ ಬೀಳಬಾರದು ಎಂದೇ ಅವಳು ಇಷ್ಟು ಕಾಲ ಬದುಕಿದ್ದಳು.

ಆ ಒಬ್ಬನ ಹೆಸರು ಸಿದ್ದಾರೂಢ. ಅವಳ ಗಂಡ. ಗಜೇಂದ್ರಗಡದ ಕಡೆ ಅವನದೊಂದು ಗೊಬ್ಬರದ ಅಂಗಡಿ. ಊರವರನ್ನು ಕೇಳಿ, ದೇವರಂಥ ಮನುಷ್ಯ ಎನ್ನುತ್ತಾರೆ. ಕೂಗಾಡುವವನಲ್ಲ, ಕುಡಿಯುವವನಲ್ಲ, ಸಣ್ಣ ಹುಡುಗಿಗೂ 'ಅಕ್ಕಾರ' ಎನ್ನುವವನು. ಮನೆಗೆ ಬಂದವನು ಮೊದಲು ಕಿಟಕಿ ಹಾಕುತ್ತಿದ್ದ. ಆಮೇಲೆ ಕೈಗಡಿಯಾರ ಬಿಚ್ಚಿ ಗೋಡೆಯ ಮಾಡದಲ್ಲಿ ಇಡುತ್ತಿದ್ದ. ಆಮೇಲೆ ಟಿವಿಯ ದನಿ ಏರಿಸುತ್ತಿದ್ದ. ಗಡಿಯಾರ ಬಿಚ್ಚಿದನೆಂದರೆ ದಾನಮ್ಮನಿಗೆ ಉಸಿರು ನಿಲ್ಲುತ್ತಿತ್ತು. ಅಂಥ ಒಂದು ಸಂಜೆ ಅವಳ ಬಲಗಿವಿಯೊಳಗೆ ಏನೋ ಒಡೆಯಿತು. ಅವತ್ತಿನಿಂದ ಆ ಕಡೆಯ ಲೋಕವೆಲ್ಲ ಅವಳಿಗೆ ಮೂಕ.

ತವರಿಗೆ ಓಡಿದ್ದಳು. ತವರಿನವರು ಹೋಳಿಗೆ ಮಾಡಿ ಉಣಿಸಿ, ಉಡಿ ತುಂಬಿ, 'ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ' ಎಂದು ತಾವೇ ಕರೆತಂದು ಬಿಟ್ಟು ಹೋದರು. ಮಾರನೆಯ ವರ್ಷ ನಾಗರಪಂಚಮಿ ಬಂತು. ಪಂಚಮಿಗೆ ತವರಿಗೆ ಹೋಗುತ್ತೇನೆಂದರೆ ಯಾವ ಗಂಡನೂ ಬೇಡ ಎನ್ನಲಾರ, ಎಂದರೆ ಊರೇ ಉಗಿಯುತ್ತದೆ. ದಾನಮ್ಮ ಹಬ್ಬದ ಸಿಹಿ ಉಂಡಿಯ ಡಬ್ಬಿ ಕಟ್ಟಿಕೊಂಡು ನಗುನಗುತ್ತ ಹೊರಟು ಬೆಂಗಳೂರಿನ ಬಸ್ಸು ಹತ್ತಿದಳು. ಹೊಸಕೆರೆಹಳ್ಳಿಯಲ್ಲಿ ಕೆಲವು ದಿನ, ಅಲ್ಲಿ ತರಕಾರಿ ಗಾಡಿಯ ಹತ್ತಿರ ಊರಿನ ಮುಖವೊಂದು ಕಂಡಿತೆಂದು ಕತ್ರಿಗುಪ್ಪೆ, ಅಲ್ಲೂ ಯಾರೋ 'ಯಾರ ಪೈಕಿ ನೀವು' ಎಂದು ಕೆದಕಿದರೆಂದು ಜರಗನಹಳ್ಳಿ.

ಜರಗನಹಳ್ಳಿಯಲ್ಲಿ ಲಕ್ಷ್ಮಿದೇವಮ್ಮನವರ ಕಟ್ಟಡ. ಊರು ಹಳ್ಳಿಯಾಗಿದ್ದಾಗ ಆಕೆಯ ಮಾವನವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸಾಲಾಗಿ ಬಾಡಿಗೆ ರೂಮು. ಬಾಡಿಗೆಗಿದ್ದವರು ಬಹುತೇಕ ಉತ್ತರ ಕರ್ನಾಟಕದ ಕಡೆಯವರೇ. ಪಕ್ಕದ ರೂಮಿನ ಶಂಕ್ರವ್ವ ಅವರಿಗೆಲ್ಲ ಹಿರಿಯಕ್ಕ. ಅವಳ ಗಂಡ ತಿಪ್ಪಣ್ಣ ಆಟೋ ಓಡಿಸುತ್ತಾನೆ, ಅವಳು ಓಣಿಯ ಬಾಯಿ ಓಡಿಸುತ್ತಾಳೆ. ದಾನಮ್ಮ ಬಂದ ದಿನವೇ ಶಂಕ್ರವ್ವ ಕೇಳಿದ್ದಳು, "ನಿಮ್ಮ ಮನಿಯವ್ರು ಎಲ್ಲಿರ್ತಾರ?" ದಾನಮ್ಮ ಬಾಯಿಗೆ ಬಂದಂತೆ "ಗೋವಾದಾಗ ಅದಾರ" ಎಂದಿದ್ದಳು. ಕೊರಳಲ್ಲಿ ತಾಳಿ ಇತ್ತು, ಗೋವಾಕ್ಕೆ ದುಡಿಯಲು ಹೋಗುವವರು ಆ ಕಡೆ ಬೇಕಾದಷ್ಟು ಜನ. ಯಾರೂ ಅನುಮಾನಪಡಲಿಲ್ಲ.

ಆ ಕಟ್ಟಡದ ಕಾರು ನಿಲ್ಲಿಸುವ ಜಾಗದಲ್ಲಿ ವಿಶ್ವವಿದ್ಯಾಲಯದ ಕ್ಲಾಸು ನಡೆಯುತ್ತಿತ್ತು. ಮೊದಲು ನಡೆಸಿದವರು ಚಿದಾನಂದ್ ಸಾರ್, ಯೋಜನೆಯ ಮುಖ್ಯಸ್ಥರು. ಪಾಪ, ಕೆಟ್ಟವರಲ್ಲ. ಆದರೆ ಹೆಂಗಸರೆಲ್ಲ ಕೆಲಸಕ್ಕೆ ಹೋದ ಹೊತ್ತಿಗೆ ಪ್ರೊಜೆಕ್ಟರು ಹೊತ್ತು ಬಂದು, ಬ್ಯಾನರು ಕಟ್ಟಿ, 'ಸಬಲೀಕರಣ' ಎಂದು ಮಾತು ಶುರು ಮಾಡಿದರೆ ಕೇಳುವವರು ಯಾರು? ಬಿಸ್ಕತ್ತಿಗೆಂದು ಬಂದ ಮುದುಕಿಯರು ಬಿಸ್ಕತ್ತು ತಿಂದು ಎದ್ದು ಹೋದರು. ಕತ್ರಿಗುಪ್ಪೆಯ ಕೇಂದ್ರವೂ ಹೀಗೇ ಮುಚ್ಚಿತ್ತು, ಹೊಸಕೆರೆಹಳ್ಳಿಯದೂ. ಇದೂ ಮುಚ್ಚುವುದರಲ್ಲಿತ್ತು, ಅಷ್ಟರಲ್ಲಿ ಮೈತ್ರಿ ಬಂದಳು.

ಮೈತ್ರಿ ಬನಶಂಕರಿಯ ಹುಡುಗಿ, ಆಗಷ್ಟೇ ಎಂ.ಎ. ಮುಗಿಸಿ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಬಂದವಳು ಪಾಠವನ್ನೇ ಮಾಡಲಿಲ್ಲ. ಮನೆಮನೆಗೆ ಹೋಗಿ "ಆಂಟಿ, ನಿಮಗೆ ಯಾವಾಗ ಬಿಡುವಾಗುತ್ತೆ?" ಎಂದು ಕೇಳಿದಳು. ಕೆಲಸದಿಂದ ಬಂದು ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದಿಷ್ಟು ಹೊತ್ತಿದೆ ಎಂದರು. ಸರಿ, ಕ್ಲಾಸು ಆ ಹೊತ್ತಿಗೇ. ಪ್ರೊಜೆಕ್ಟರು ಹೋಯಿತು, ಚಾಪೆ ಬಂತು. ಅವಳದೊಂದೇ ಪದ್ಧತಿ, 'ವಾರದ ಮಾತು'. ಯಾರಾದರೊಬ್ಬರು ಎದ್ದು ಈ ವಾರ ತಾನು ಎಲ್ಲಿ ಸಿಕ್ಕಿಬಿದ್ದೆ ಎಂದು ಹೇಳಬೇಕು. ಅದೇ ಅವತ್ತಿನ ಪಾಠ. ಸಿಲಿಂಡರಿನ ಮೆಸೇಜು ಓದಲು ಬರಲಿಲ್ಲ ಎಂದರೆ ಅವತ್ತು ಮೊಬೈಲು ಪಾಠ. ಲಿಫ್ಟಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಬೈದರು ಎಂದರೆ ಅವತ್ತು ಇಂಗ್ಲಿಷು, ತಿರುಗಿ ಬೈಯುವಷ್ಟು. ಮೂರು ತಿಂಗಳಲ್ಲಿ ಚಾಪೆ ಸಾಲದೆ ಲಕ್ಷ್ಮಿದೇವಮ್ಮ ತಮ್ಮ ಮನೆಯ ಜಮಖಾನ ಇಳಿಸಿದರು. ದಾನಮ್ಮ ಒಂದು ವಾರವೂ ತಪ್ಪಿಸಿದವಳಲ್ಲ. ಆದರೆ ವಾರದ ಮಾತಿಗೆ ಒಂದು ದಿನವೂ ಎದ್ದವಳಲ್ಲ.

ಆ ನಗು ಸಿಕ್ಕಿದ್ದೂ ಅಲ್ಲೇ. ಪಾಠ ಮುಗಿದ ಮೇಲೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವ ಆಟ ಎದ್ದಿತ್ತು. ಶಂಕ್ರವ್ವ ಸೊಂಟಕ್ಕೆ ಕೈಯಿಟ್ಟು, "ಕನಕಪುರ ರೋಡಿನ ಟ್ರಾಫಿಕ್ಕಿನಾಗ ಹಾರಸ್ತಾರ ಮಣ್ಣ, ಮೀಟರ್ ಹಾಕ್ರಿ ಅಂದ್ರ ಮಾರಿ ತಿರುವೂ ನಮ್ಮ ಮನಿಯವ್ರು ತಿಪ್ಪಣ್ಣ!" ಎಂದಾಗ ದಾನಮ್ಮ ತಡೆಯಲಾರದೆ ನಕ್ಕಳು. ಅಂದೇ ಬರಬೇಕೆ ಚಿದಾನಂದ್ ಸಾರ್, ಅದೇ ಗಳಿಗೆಯಲ್ಲಿ ಫೋಟೋ ಹೊಡೆಯಬೇಕೆ! ವರ್ಷಗಳ ಮೇಲೆ ನಕ್ಕ ಒಂದೇ ನಗು ಹೋಗಿ ಹೋಗಿ ಕಂಬ ಏರಿತು.

ಗಲ್ಲಿಯಲ್ಲಿ ಓಡಿ ಬಂದ ದಾನಮ್ಮನನ್ನು ಗೇಟಿನಲ್ಲೇ ಶಂಕ್ರವ್ವ ಹಿಡಿದಳು. ಹಿಗ್ಗಿನಿಂದ ಅವಳ ಮುಖ ಊರಗಲ ಆಗಿತ್ತು.

"ಅಯ್ಯ ನಮ್ಮವ್ವ, ಎಷ್ಟ ಕರದ್ರೂ ಓ ಅನ್ನೂದಿಲ್ಲ ನೋಡ ನೀ, ದೊಡ್ಡಾಕಿ ಆಗಿ! ನಿನ್ನ ಫೋಟೋ ನಾ ಸ್ಟೇಟಸ್ ಇಟ್ಟೀನಿ. ನಮ್ಮ ಕಡಿ ಗ್ರೂಪಿಗೆಲ್ಲ ಕಳ್ಸೀನಿ. ನಮ್ಮ ದಾನವ್ವ ಬೆಂಗಳೂರಾಗ ಹ್ಯಾಂಗ ಮಿಂಚಾಕತ್ತಾಳ ನೋಡ್ರಿ ಅಂತ!"

"ಯಾವಾಗ ಕಳಿಸಿದಿ?"

"ಇವತ್ತ ಮಧ್ಯಾಹ್ನನ. ಎಷ್ಟ ಮಂದಿ ನಮಸ್ಕಾರ ಹಾಕ್ಯಾರ ನೋಡಿಲ್ಲೆ."

ದಾನಮ್ಮ ನೋಡಲಿಲ್ಲ. ರೂಮಿಗೆ ಹೋಗಿ ಬಾಗಿಲ ಚಿಲಕ ಹಾಕಿ, ಗೋಡೆಗೊರಗಿ ಕೂತಳು. ಬೈಯಲೂ ಬಾಯಿ ಬರಲಿಲ್ಲ. ಶಂಕ್ರವ್ವ ಮಾಡಿದ್ದು ಪ್ರೀತಿಯಿಂದ. ತಮ್ಮ ಕಡೆಯವರ ಪ್ರೀತಿಗೆ ಗುಟ್ಟು ಎಂಬುದೇ ಗೊತ್ತಿಲ್ಲ ಎಂಬುದು ಅವಳಿಗೆ ತಿಳಿದದ್ದೇ.

ಮಾರನೆಯ ದಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಮೈತ್ರಿಗೆ ಎಲ್ಲ ಹೇಳಿದಳು. ಬೆಂಗಳೂರಿಗೆ ಬಂದ ಮೇಲೆ ಮೊದಲ ಸಲ ಒಬ್ಬರಿಗೆ ಹೇಳಿದ್ದು. ಮೈತ್ರಿ ಅಲ್ಲಿಂದಲೇ ಚಿದಾನಂದರಿಗೆ ಫೋನು ಹಚ್ಚಿದಳು.

"ಸಾರ್, ಆ ಫ್ಲೆಕ್ಸ್ ಇವತ್ತೇ ತೆಗೆಸ್ಬೇಕು. ಅವರನ್ನ ಕೇಳಿ ಹಾಕಿದ್ರಾ?"

"ಏನಮ್ಮ ಮೈತ್ರಿ, ಒಳ್ಳೇ ಫೋಟೋ ಅಲ್ವಾ? ಎಲ್ಲಾ ಕೇಂದ್ರ ಮುಚ್ಚೋಯ್ತು, ಇದೊಂದೇ ಸಕ್ಸಸ್ ಆಗಿರೋದು. ತೋರಿಸ್ಬೇಡ್ವಾ?"

ಮೈತ್ರಿ ಫೋನಿಟ್ಟು ಎದುರಿನ ಅಂಗಡಿಯಿಂದ ಚಾಕು ಇಸಕೊಂಡಳು. ತಿಪ್ಪಣ್ಣನ ಆಟೋ ಅಲ್ಲೇ ನಿಂತಿತ್ತು. ಅದರ ಮೇಲೆ ಹತ್ತಿ ನಿಂತು, ಜನ ನೋಡುತ್ತಿದ್ದಂತೆಯೇ ಫ್ಲೆಕ್ಸಿನ ಹಗ್ಗ ಕುಯ್ದಳು. ಚೂಡಿದಾರದ ತೋಳು ಹರಿಯಿತು. "ಮೇಡಂ, ಆಟೋದ ಟಾಪ್ ಹೋದ್ರ ಯೂನಿವರ್ಸಿಟಿ ಕಟ್ಟತೈತೇನ್ರೀ?" ಎಂದು ತಿಪ್ಪಣ್ಣ ಕೆಳಗಿನಿಂದ ಗೋಗರೆದ. ದಾನಮ್ಮನಿಗೆ ನಗು ಬರಲಿಲ್ಲ. ಕಂಬದ್ದು ಕೆಳಗಿಳಿಯಿತು, ಫೋನುಗಳಲ್ಲಿದ್ದದ್ದನ್ನು ಇಳಿಸುವವರು ಯಾರು?

"ದಾನಮ್ಮ ಅವ್ರೇ, ಕ್ಲಾಸಿನವರಿಗೆ ಹೇಳಿಬಿಡಿ. ಆತ ಬಂದ್ರೆ ಇವರೇ ಅಡ್ಡ ನಿಲ್ತಾರೆ," ಎಂದಳು ಮೈತ್ರಿ, ತಿಪ್ಪಣ್ಣ ಅತ್ತ ಹೋದ ಮೇಲೆ.

"ಬ್ಯಾಡ್ರಿ ಮೇಡಂ. ಇವ್ರೂ ನಮ್ಮವ್ವನ ಮಾತ ಹೇಳ್ತಾರ. ಉಂಡು ಮಲಗೂತನಕ ಅಂತಾರ. ನೀವ ಯಾರ ಮುಂದೂ ಹೇಳಂಗಿಲ್ಲ, ನನ್ನ ಮ್ಯಾಲ ಆಣಿ."

ಮೈತ್ರಿ ಆಣೆಗೆ ತಲೆಬಾಗಿದಳು, ಫ್ಲೆಕ್ಸು ಯಾಕೆ ಇಳಿಸಿದ್ದೆಂದು ಕೇಳಿದವರಿಗೆ ಕಾರ್ಪೊರೇಷನ್ನಿನವರ ಹೆಸರು ಹೇಳಿದಳು. ದಾನಮ್ಮ ಬ್ಯಾಗು ತುಂಬಿಟ್ಟಳು. ನಾಳೆ ಹೊರಡುತ್ತೇನೆ ಎಂದುಕೊಂಡಳು, ನಾಳೆ ಬಂದಾಗ ಇನ್ನೊಂದು ನಾಳೆ. ಹೊರಗೆ ಬೈಕು ನಿಂತರೆ ಬೆವರುತ್ತಿದ್ದಳು. ಕೆಲಸದ ಜಾಗದಲ್ಲಿ ಯಾರೋ ಗಂಡಸು ಮೆಲ್ಲಗೆ 'ಅಕ್ಕಾರ' ಎಂದಾಗ ನೀರಿನ ಬಕೆಟ್ಟು ಕೈಜಾರಿತು. ಆದರೂ ಹೊರಡಲಿಲ್ಲ. ಹೋದಲ್ಲೆಲ್ಲ ಮತ್ತೆ ಮೂಕಿಯಾಗಿ ಬಾಳಬೇಕಲ್ಲ ಎಂದು ನೆನೆದರೆ ಅಳು ಬರುತ್ತಿತ್ತು.

ಕ್ಲಾಸಿನ ದಿನ ಬಂತು. ದಾನಮ್ಮ ಮೆಟ್ಟಿಲು ಇಳಿಯುತ್ತಿದ್ದಾಗ ಕೆಳಗಿನಿಂದ ಒಂದು ದನಿ ಕೇಳಿಸಿತು. ಮೆತ್ತಗಿನ ದನಿ, ಸಕ್ಕರೆ ಬೆರೆಸಿದಂಥದ್ದು. ಅವಳ ಎಡಗಿವಿಗೆ ಅದೊಂದೇ ಸಾಕಾಯಿತು. ಕಂಬಿ ಹಿಡಿದುಕೊಂಡಳು.

"ನಿಮ್ಮಂಥಾ ಅಕ್ಕಾರು ಇದ್ದದ್ದಕ್ಕ ನಮ್ಮಾಕಿ ಇಲ್ಲೆ ಆರಾಮ ಅದಾಳ ನೋಡ್ರಿ."

"ಅಯ್ಯ, ಅದಕ್ಕೇನ್ರೀ, ನಮ್ಮ ತಂಗಿ ಇದ್ದಂಗ." ಇದು ಶಂಕ್ರವ್ವ. "ಜೆ.ಪಿ. ನಗರದಾಗ ಆ ದೊಡ್ಡ ಗ್ಲಾಸಿನ ಬಿಲ್ಡಿಂಗ್ ಐತೆಲ್ಲ, ಅಲ್ಲೇ ಕೆಲಸ. ಹಿಂದಿನ ಗೇಟಿಲೆ ಬರ್ತಾಳ. ರೂಮು ಇಲ್ಲೇ ಮ್ಯಾಲ, ನಮ್ಮ ಪಕ್ಕಕ್ಕ. ಚಾ ಕುಡೀರಿ, ಆರತೈತಿ. ಗೋವಾದಿಂದ ಯಾವಾಗ ಬಂದ್ರಿ?"

"ಗೋವಾ?" ಎಂದಿತು ದನಿ. ಒಂದು ಗಳಿಗೆ ತಡೆದು ನಕ್ಕಿತು. "ಹೂಂ ಹೂಂ, ಗೋವಾದಿಂದ. ಈಗ ಬಂದೆ."

ದಾನಮ್ಮ ಮೆಟ್ಟಿಲ ತಿರುವಿನಿಂದ ಬಗ್ಗಿ ನೋಡಿದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದಾನೆ. ಮಡಿಲಲ್ಲಿ ಕರದಂಟಿನ ಡಬ್ಬಿ. ಸುತ್ತ ಹೆಂಗಸರೆಲ್ಲ, ಬೀಗರು ಬಂದ ಸಡಗರದಲ್ಲಿ, 'ನಮ್ಮ ಕಡಿಯವ್ರು ಬಂದು ಎಷ್ಟ ದಿನ ಆತು' ಎಂಬ ಸಂತೋಷದಲ್ಲಿ. ಮೇಲಿನ ಟೆರೇಸಿನಿಂದ ಪಕ್ಕದ ಕಟ್ಟಡಕ್ಕೆ ದಾಟಬಹುದು. ಹಿಂದಿನ ಓಣಿ ಹಿಡಿದರೆ ಮುಖ್ಯ ರಸ್ತೆ. ಆದರೆ ಇವನಿಗೆ ಈಗ ಆಫೀಸಿನ ಗೇಟೂ ಗೊತ್ತು, ರೂಮೂ ಗೊತ್ತು. ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು.

ಆಗ ಮೈತ್ರಿ ಬಂದಳು. ಕುರ್ಚಿಯಲ್ಲಿದ್ದವನನ್ನು ನೋಡಿದಳು, ಡಬ್ಬಿ ನೋಡಿದಳು, ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಇದು ಹೆಂಗಸರ ಕ್ಲಾಸು ಸಾರ್. ನೀವು ಆಚೆ ಇರಿ."

"ಇರ್ಲಿ ಬಿಡ್ರಿ ಮೇಡಂ, ದಾನವ್ವನ ಮನಿಯವ್ರು! ದೂರದಿಂದ ಬಂದಾರ," ಎಂದು ಶಂಕ್ರವ್ವನೇ ಅಡ್ಡ ಬಂದಳು. ಅವನು ಕೈಮುಗಿದು ಅಲ್ಲೇ ಕೂತ. ಆಣೆ ಹಾಕಿಸಿಕೊಂಡ ಮೈತ್ರಿ ಏನು ಹೇಳಿಯಾಳು? ಅವಳು ಜಮಖಾನದ ಮೇಲೆ ಕೂತಳು.

"ಸರಿ. ವಾರದ ಮಾತು. ಯಾರು ಹೇಳ್ತೀರಾ?"

ಹಾಗೆಂದವಳು ಮೆಟ್ಟಿಲಿನ ಕಡೆ ನೋಡಿದಳು. ಕರೆಯಲಿಲ್ಲ, ಸನ್ನೆ ಮಾಡಲಿಲ್ಲ, ಸುಮ್ಮನೆ ನೋಡಿದಳು. ದಾನಮ್ಮನಿಗೆ ತಾನು ಎದ್ದದ್ದು ಗೊತ್ತಾಗಲಿಲ್ಲ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. "ಬಂದಳ ನೋಡ್ರಿ!" ಎಂದು ಯಾರೋ ಚಪ್ಪಾಳೆ ತಟ್ಟಿದರು. ಅವಳು ಅವನ ಕಡೆ ನೋಡಲಿಲ್ಲ. ನೋಡಿದರೆ ಬಾಯಿ ಕಟ್ಟುತ್ತದೆಂದು ಗೊತ್ತಿತ್ತು.

"ನಾ ಹೇಳ್ತೀನ್ರಿ ವಾರದ ಮಾತು," ಎಂದಳು. "ನಾ ನಿಮಗ ಸುಳ್ಳ ಹೇಳೀನಿ. ಗೋವಾದಾಗ ಯಾರೂ ಇಲ್ಲ. ಇಂವನ್ನ ಬಿಟ್ಟು ಓಡಿ ಬಂದಾಕಿ ನಾನು."

ಚಪ್ಪಾಳೆ ತಟ್ಟಿದ ಕೈಗಳು ಹಾಗೇ ನಿಂತವು.

"ಶಂಕ್ರಕ್ಕ, ನೀ ಕರದ್ರ ಓ ಅನ್ನೂದಿಲ್ಲ ಅಂತ ಬೈತಿದ್ದೆಲ್ಲ? ಸೊಕ್ಕಿನಿಂದಲ್ಲವಾ. ಈ ಕಿವಿ ಕೇಳೂದಿಲ್ಲ ನನಗ. ಇಂವ ಹೊಡದ ಮ್ಯಾಲ ಕೇಳೂದಿಲ್ಲ."

ಸಿದ್ದಾರೂಢ ಸ್ವಲ್ಪವೂ ಕದಲಲಿಲ್ಲ. ನೊಂದವನಂತೆ ತಲೆಯಾಡಿಸಿ, ಎಲ್ಲರ ಕಡೆ ತಿರುಗಿ ಮೆತ್ತಗೆ ಹೇಳಿದ, "ಸಿಟ್ಟಿನಾಗ ಏನೇನರ ಅಂತಾಳ್ರೀ ಪಾಪ. ಯಾರ ಮನ್ಯಾಗ ಇಲ್ಲ ಹೇಳ್ರಿ? ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ ಅಲ್ಲೇನ್ರೀ ಅಕ್ಕಾರ?"

ಹಿಂದೆ ಕೂತ ಇಬ್ಬರು ಹಿರಿಯ ಹೆಂಗಸರು ಹೌದೆಂಬಂತೆ ತಲೆಯಾಡಿಸಿಬಿಟ್ಟರು. ದಾನಮ್ಮ ಅದನ್ನು ಕಂಡಳು. ಮುಗಿಯಿತು ಎನಿಸಿತು ಅವಳಿಗೆ. ಇನ್ನು ಉಡಿ ತುಂಬಿ ಕಳಿಸುವುದೊಂದು ಬಾಕಿ. ಆದರೂ ಶುರು ಮಾಡಿದ ಮಾತು ತಾನಾಗಿಯೇ ಬರುತ್ತಿತ್ತು.

"ಇಂವ ಬೈಯೂದಿಲ್ರಿ. ಹಿಂಗ ಮಾತಾಡ್ತಾನ, ಬೆಲ್ಲದಂಗ. ಮೊದಲ ಕಿಟಕಿ ಹಾಕ್ತಾನ. ಆಮ್ಯಾಲ ಕೈಗಡಿಯಾರ ಬಿಚ್ಚತಾನ, ಪಟ್ಟಿ ಹರೀಬಾರ್ದಂತ. ಆಮ್ಯಾಲ ಟಿವಿ ಜೋರ ಮಾಡ್ತಾನ, ಮಂದಿಗಿ ಕೇಳಬಾರ್ದಂತ. ಗಡಿಯಾರ ಬಿಚ್ಚಿದ್ನಂದ್ರ..."

ಅಷ್ಟು ಹೇಳಿದವಳು ತಡೆಯಲಾರದೆ ಅವನ ಕಡೆ ನೋಡಿಬಿಟ್ಟಳು. ಎಲ್ಲರೂ ಅವಳು ನೋಡಿದ ಕಡೆ ನೋಡಿದರು. ಅವನ ಮುಖದ ಮೇಲೆ ಅದೇ ನಗು. ಎಡಗೈಯಲ್ಲಿ ಚಹಾದ ಲೋಟ ಹಿಡಿದು, ಬಲಗೈಯ ಬೆರಳಿನಿಂದ, ತನಗೇ ಅರಿವಿಲ್ಲದೆ, ಎಡಗೈಯ ಗಡಿಯಾರದ ಪಟ್ಟಿ ಸಡಿಲಿಸುತ್ತಿದ್ದ.

ಅವನಿಗೆ ಗೊತ್ತಾಗಿ ಕೈ ತೆಗೆಯುವಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

ಶಂಕ್ರವ್ವ ಎದ್ದಳು. ಅವರ ಕಡೆ ಹಗೆ ಬಂದರೂ ನೀರು ಕೊಡುತ್ತಾರೆ, ಕೊಟ್ಟದ್ದನ್ನು ಕಿತ್ತುಕೊಂಡವರನ್ನು ಯಾರೂ ಕಂಡಿಲ್ಲ. ಅವಳು ಹೋಗಿ ಅವನ ಕೈಯಿಂದ ಅರ್ಧ ಕುಡಿದ ಲೋಟ ಕಸಿದುಕೊಂಡು, ಚಹಾವನ್ನು ಮೋರಿಗೆ ಚೆಲ್ಲಿದಳು. ಅವಳ ಕಣ್ಣಲ್ಲಿ ನೀರಿತ್ತು.

"ಏಳ್ರಿ," ಎಂದಳು. "ಇಲ್ಲಿ ನಿಮಗ ಚಾ ಇಲ್ಲ."

"ಅಕ್ಕಾರ, ನೀವು ತಪ್ಪ ತಿಳಕೊಂಡೀರಿ..."

"ಏಳಪ್ಪಾ, ಅವಳು ಹೇಳ್ತಿಲ್ವಾ?" ಮಹಡಿಯ ಮೇಲಿನಿಂದ ಲಕ್ಷ್ಮಿದೇವಮ್ಮನವರ ಗಂಟಲು ಗುಡುಗಿತು. "ನನ್ನ ಜಾಗ ಕಣಪ್ಪ ಇದು. ಗೇಟು ಆ ಕಡೆ. ಆ ಡಬ್ಬಿನೂ ತಗೊಂಡ್ಹೋಗು!"

ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ತಲೆಯಾಡಿಸಿದ್ದ ಆ ಇಬ್ಬರೂ ಎದ್ದರು. ಯಾರೂ ಮುಂದೆ ಹೋಗಲಿಲ್ಲ, ಯಾರೂ ಕೈಯೆತ್ತಲಿಲ್ಲ. ಅವನು ಅಂಗಿ ಸರಿಮಾಡಿಕೊಂಡು, ಡಬ್ಬಿ ಎತ್ತಿಕೊಂಡು ಗೇಟಿನ ತನಕ ನಡೆದ. ಅಲ್ಲಿ ತಿರುಗಿ ನಿಂತು, "ಮತ್ತ ಬರ್ತೀನಿ ದಾನಮ್ಮ. ಮನಿ ಗೊತ್ತಾತಲ್ಲ," ಎಂದ. ಅಷ್ಟೇ ಮೆತ್ತಗೆ.

ಅವನು ಹೋದ ಮೇಲೆ ದಾನಮ್ಮ ಜಮಖಾನದ ಮೇಲೆ ಕೂತಳು.

"ನನಗ ಭಾಳ ಅಂಜಿಕಿ ಆಗಾಕತ್ತೈತಿ," ಎಂದಳು.

"ನನಗೂ," ಎಂದಳು ಶಂಕ್ರವ್ವ, ಲೋಟ ಇನ್ನೂ ಕೈಯಲ್ಲೇ ಇತ್ತು. "ಎಂಥಾ ನಗಿ ನಕ್ಕನವಾ ಅಂವ! ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಎಲ್ಲಾ ನಾನ ಹೇಳಿಬಿಟ್ಟೆ ಅಂವಗ." ಹಿಂದಿನಿಂದ ಇನ್ನೊಬ್ಬಳು ತನಗೂ ಎಂದಳು. ಮೈತ್ರಿ ಹಣೆಯ ಬೆವರು ಒರೆಸಿಕೊಂಡು "ನನಗೂ" ಎಂದಳು.

ಶಂಕ್ರವ್ವ ದಾನಮ್ಮನ ಎಡಗಡೆ ಬಂದು ಒತ್ತಿ ಕೂತಳು. "ಮೇಡಂ, ಅಂವ ಮತ್ತ ಬರ್ತಾನ. ಬಂದ್ರ ಏನ ಮಾಡಬೇಕ, ಯಾರ ಕಡಿ ಹೋಗಬೇಕ, ಕೋರ್ಟೋ ಸ್ಟೇಷನ್ನೋ. ಅದನ್ನ ಕಲಸ್ರಿ ಇವತ್ತ."

"ನನಗೂ ಪೂರ್ತಿ ಗೊತ್ತಿಲ್ಲ ಶಂಕ್ರವ್ವ," ಎಂದಳು ಮೈತ್ರಿ. "ಒಟ್ಟಿಗೇ ಕೇಳೋಣ."

ಅವಳು ಮಹಿಳಾ ಸಹಾಯವಾಣಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಜಮಖಾನದ ನಡುವೆ ಇಟ್ಟಳು. ಎಲ್ಲರೂ ಅದರ ಮೇಲೆ ಬಾಗಿದರು. ಗಂಟೆ ಹೊಡೆಯಿತು, ನಿಂತಿತು, ಮತ್ತೆ ಹೊಡೆಯಿತು. ದಾನಮ್ಮ ಗೇಟಿನ ಕಡೆ ನೋಡುತ್ತ ಬೆರಳು ಹಿಸುಕಿಕೊಳ್ಳುತ್ತಿದ್ದಳು.

"ಹೇಳಿ ಮೇಡಂ," ಎಂದಿತು ಆ ಕಡೆಯ ಹೆಣ್ಣುದನಿ. "ಯಾರಿಗೆ ತೊಂದರೆ ಆಗಿರೋದು?"

ದಾನಮ್ಮ ಬಾಯಿ ತೆರೆಯುವ ಮೊದಲೇ ಶಂಕ್ರವ್ವ ಫೋನಿಗೆ ಬಾಯಿ ಹಚ್ಚಿದಳು.

"ನಮಗರೀ," ಎಂದಳು. "ಬರಕೋರಿ, ನಮಗ ಎಲ್ಲಾರಿಗೂ."